ಅಂಗಳಕ್ಕೆ ಬಂದರೆ ಸಾಗರ, ಒಳಗೆ ಹೋದರೆ ವಿಜಯನಗರ

ಮಂಗಳವಾರ ರಾತ್ರಿ 12.30ಕ್ಕೆ ಬೆಂಗಳೂರಿನ ವಿಜಯನಗರದ ನಮ್ಮ ಹಳೇ ಬಾಡಿಗೆ ಮನೆಯ ಗೇಟಿನ ಮುಂದೆ ಸ್ಕೂಟರ್ ನಿಲ್ಲಿಸಿಕೊಂಡು, ಬೀದಿನಾಯಿಗಳ ಕೈಲಿ ಬೈಸಿಕೊಳ್ಳುತ್ತಾ ನಿಂತಿದ್ದೆ. ನಾಲ್ಕನೇ ಸಲ ವಾಟ್ಸಾಪ್ ಕಾಲ್ ಮಾಡಿದಾಗ ಅಪ್ಪಯ್ಯ ಎತ್ತಿದ.

"ಎಂತ ಮಾರಾಯ ಈ ಹೊತ್ತಲ್ಲಿ?"

"ಎಲ್ಲಿದೀಯ ಅಪ್ಪಯ್ಯ?"

"ಎಲ್ಲಿರ್ತಾರೆ? ಮನೇಲಿ."

"ಯಾವ ಮನೇಲಿ?"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಎಪ್ಪತ್ತನಾಲ್ಕು ವರ್ಷದಲ್ಲಿ ಯಾರೂ ಅವನಿಗೆ ಈ ಪ್ರಶ್ನೆ ಕೇಳಿರಲಿಕ್ಕಿಲ್ಲ. ಆಮೇಲೆ, ಹುಷಾರಿಲ್ಲದವರ ಹತ್ತಿರ ಮಾತಾಡುವ ದನಿಯಲ್ಲಿ, "ನೀನು ಎಲ್ಲಿದೀಯ ಈಗ?" ಅಂದ. ವಿಜಯನಗರ ಅಂದೆ. "ಅಲ್ಲಿ ಎಂತ ಕೆಲಸ ನಿಂಗೆ? ಆ ಮನೆ ಬಿಟ್ಟಾಯ್ತಲ್ಲ." ನಿನ್ನನ್ನು ಹುಡುಕಿಕೊಂಡು ಬಂದೆ, ಮ್ಯಾಪಲ್ಲಿ ನೀನು ಇಲ್ಲೇ ಕಾಣಿಸ್ತಿದೀಯ ಅಂದೆ. ಅವನು ನಗಲಿಲ್ಲ, ಬೈಯಲೂ ಇಲ್ಲ. "ನಾನು ಎಲ್ಲಿದೀನಿ ಅಂತ ನಿಂಗೆ ಕಾಣುತ್ತಲ್ಲ. ನೀನು ಎಲ್ಲಿದೀಯ ಅಂತ ನಂಗ್ಯಾಕೆ ಕಾಣಲ್ಲ?" ಅಂದ.

ನಾಳೆ ಹೇಳ್ತೀನಿ, ಮಲಗು ಅಂತ ಫೋನಿಟ್ಟೆ. ಇವತ್ತು ಶನಿವಾರ. ಆ ಮಾತು ಇನ್ನೂ ಕಿವಿಯಲ್ಲೇ ಇದೆ.

ಮೊದಲು ನಡೆದದ್ದು ಹೇಳಿಬಿಡುತ್ತೇನೆ. ರಾತ್ರಿ ಹನ್ನೊಂದಕ್ಕೆ ಮಸ್ಕತ್‌ನಿಂದ ತಂಗಿ ಫೋನ್ ಮಾಡಿದಳು. "ಅಣ್ಣಾ, ಅಪ್ಪಯ್ಯ ಬೆಂಗಳೂರಿಗೆ ಬಂದಿದಾನಾ? ನನಗೆ ಯಾರೂ ಹೇಳಲೇ ಇಲ್ಲ." ತಂಗಿ ಮಸ್ಕತ್‌ನಲ್ಲಿ ಕೂತು ಸಾಗರದ ಮನೆ ನಡೆಸುವವಳು. ಅಮ್ಮನ ಬಿಪಿ ಮಾತ್ರೆ ಮುಗಿಯುವುದು ಅಮ್ಮನಿಗಿಂತ ಮೊದಲು ಅವಳಿಗೆ ಗೊತ್ತಿರುತ್ತದೆ. ಅಪ್ಪಯ್ಯನ ಫೋನ್ ಎಲ್ಲಿದೆ ಅಂತ ನಮ್ಮಿಬ್ಬರಿಗೂ ಗೂಗಲ್ ಮ್ಯಾಪಿನಲ್ಲಿ ಕಾಣುವ ಹಾಗೆ ಮಾಡಿಟ್ಟಿದ್ದೆ. ತೆಗೆದು ನೋಡಿದರೆ ಹೌದು, ಅವನ ದುಂಡು ಫೋಟೋ ವಿಜಯನಗರದಲ್ಲಿ, ನಾವು ಯುಗಾದಿ ಹೊತ್ತಿಗೆ ಖಾಲಿ ಮಾಡಿದ ಮನೆಯ ನೆತ್ತಿಯ ಮೇಲೇ ಕೂತಿದೆ. ಪಕ್ಕದಲ್ಲಿ ಬ್ಯಾಟರಿ 64 ಪರ್ಸೆಂಟ್. ಅದಕ್ಕೂ ಮುಂಚೆ ಎರಡು ದಿನ ಅವನ ಚುಕ್ಕಿ ಅಲ್ಲಾಡಿರಲಿಲ್ಲ. ಭಾನುವಾರದ ಗುಡುಗಿಗೆ ಊರಿನ ವೈಫೈ ಸುಟ್ಟುಹೋಗಿತ್ತು.

ಹೇಳದೆ ಕೇಳದೆ ಬಸ್ಸು ಹತ್ತುವ ಅಭ್ಯಾಸ ಅಪ್ಪಯ್ಯನಿಗೆ ಇದೆ. ಒಂದು ವರ್ಷ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ತೊಡೆಯ ಮೇಲಿಟ್ಟುಕೊಂಡು ಸಾಗರದಿಂದ ರಾತ್ರಿ ಪೂರ್ತಿ ಕೂತು ಬಂದಿದ್ದ. ಹಾಗಾಗಿ ನನ್ನ ತಲೆಯಲ್ಲಿ ಓಡಿದ ಸಿನಿಮಾ ಇದು: ಬಂದಿದಾನೆ, ನಾವು ಕೆಂಗೇರಿಗೆ ಮನೆ ಬದಲಾಯಿಸಿದ್ದು ಮರೆತುಹೋಗಿದೆ, ಹಳೇ ಮನೆಯ ಮೆಟ್ಟಿಲ ಮೇಲೆ ಕೂತಿದಾನೆ. ಮರೆವು ಅನ್ನೋ ಪದ ಒಮ್ಮೆ ತಲೆಗೆ ಬಂದರೆ ಸಾಕು, ಮಿಕ್ಕದ್ದನ್ನೆಲ್ಲ ಭಯವೇ ಜೋಡಿಸಿಕೊಳ್ಳುತ್ತದೆ. ಅವನ ಮೊಬೈಲಿಗೆ ಮಾಡಿದರೆ ವ್ಯಾಪ್ತಿ ಪ್ರದೇಶದ ಹೊರಗೆ. ಅಮ್ಮನ ಕೀಪ್ಯಾಡ್ ಸೆಟ್ಟೂ ಅಷ್ಟೇ. "ವಾಟ್ಸಾಪಿಗೆ ಇನ್ನೊಂದು ಸಲ ಮಾಡಿ ನೋಡಿ, ಎತ್ತದಿದ್ದರೆ ಬೆಳಿಗ್ಗೆ ನೋಡೋಣ" ಅಂತ ನನ್ನ ಹೆಂಡತಿ ಹೇಳಿದ್ದು ಸರಿಯಾಗೇ ಇತ್ತು. ನಾನು ಕೇಳಲಿಲ್ಲ.

ನನ್ನನ್ನು ಕೆಡಿಸಿದ್ದು ಆ ಫೋಟೋದ ಕೆಳಗಿದ್ದ "ಈಗಷ್ಟೇ" ಅನ್ನೋ ಪದ. ಎರಡು ಗಂಟೆ ಹಿಂದಿನದು, ನಿನ್ನೆಯದು ಅಂತಿದ್ದರೆ ಇದು ಹಳಸಲು ಅಂತ ಬಿಟ್ಟಿರುತ್ತಿದ್ದೆ. ಅಷ್ಟು ಪಾಠ ಕಲಿತಿದ್ದೆ. ಕಳೆದ ಮಳೆಗಾಲದಲ್ಲಿ ಅಪ್ಪಯ್ಯ ಐದು ಗಂಟೆ ಕಾಲ ಶಿವಮೊಗ್ಗ ರಸ್ತೆಯ ಮಧ್ಯೆ ಕದಲದೆ ನಿಂತಿದ್ದ. ನೋಡಿದರೆ ಬ್ಯಾಟರಿ ಉಳಿಸುತ್ತೇನೆ ಅಂತ ಫೋನೇ ಮ್ಯಾಪನ್ನು ನಿದ್ದೆ ಮಾಡಿಸಿತ್ತು. ಆಮೇಲೆ ನಾನೇ ಕೂತು ಬ್ಯಾಟರಿ ಸೆಟ್ಟಿಂಗಿನಲ್ಲಿ ಮ್ಯಾಪಿಗೆ ವಿನಾಯಿತಿ ಕೊಟ್ಟೆ, ಲೊಕೇಶನ್ ಪರ್ಮಿಷನ್ನನ್ನು "ಆ್ಯಪ್ ಬಳಸುವಾಗ ಮಾತ್ರ" ಅಂತಿದ್ದದ್ದರಿಂದ "ಯಾವಾಗಲೂ" ಅನ್ನುವುದಕ್ಕೆ ತಂದೆ, ನಿಖರ ಲೊಕೇಶನ್ ಅನ್ನುವ ಗುಂಡಿ ಒತ್ತಿದೆ. ಆ ಮೂರರಲ್ಲೇ ಮುಕ್ಕಾಲುಪಾಲು ತಕರಾರು ಮುಗಿಯುತ್ತದೆ. ಮುಗಿಯದ ಕಾಲುಪಾಲು ನನ್ನನ್ನು ರಾತ್ರಿ ವಿಜಯನಗರಕ್ಕೆ ಓಡಿಸಿತು.

ಅಲ್ಲಿ ಹೋದದ್ದಕ್ಕೆ ಸಿಕ್ಕಿದ ಲಾಭ ಒಂದೇ. ಬಣ್ಣ ಹೊಡೆಸಬೇಕು ಅಂತ ಅಡ್ವಾನ್ಸಿನಲ್ಲಿ ದುಡ್ಡು ಮುರಿದುಕೊಂಡಿದ್ದನಲ್ಲ ಓನರ್, ಗೋಡೆಯ ಮೇಲೆ ಅದೇ ಮಾಸಲು ಹಸಿರು ಇನ್ನೂ ಇದೆ. ಬೀದಿದೀಪದಲ್ಲಿ ಕಣ್ಣಾರೆ ಕಂಡೆ.

ಮರುದಿನ ಬೆಳಿಗ್ಗೆ ಅಪ್ಪಯ್ಯನೇ ಫೋನ್ ಮಾಡಿದ. ವಿಚಾರಿಸಿದರೆ ವಿಷಯ ಇಷ್ಟು. ಗುಡುಗು ಶುರುವಾದಾಗ ಟಿವಿ, ಫ್ರಿಜ್ಜು, ಮಿಕ್ಸಿ ಎಲ್ಲದರ ಪಿನ್ನೂ ಕಿತ್ತು ವೈಫೈ ಡಬ್ಬಿಯದು ಮರೆತಿದ್ದಾನೆ. ಮಂಗಳವಾರ ಸಂಜೆ ಕೇಬಲ್ ಹುಡುಗ ಬಂದ. (ಮಳೆಯಲ್ಲಿ ಬೈಕ್ ತಳ್ಳಿಕೊಂಡು ಗುಡ್ಡ ಹತ್ತಿ ಬರುವ ಆ ಹುಡುಗನ ಮುಂದೆ ನಮ್ಮ ಸಿಟಿಯ ಕಸ್ಟಮರ್ ಕೇರ್ ಯಾವ ಲೆಕ್ಕ!) ಹೊಸ ಡಬ್ಬಿಗೆ ಎರಡು ಸಾವಿರ ಅಂದನಂತೆ. ಅಪ್ಪಯ್ಯ ಅಟ್ಟದಿಂದ ಒಂದು ರಟ್ಟಿನ ಪೆಟ್ಟಿಗೆ ಇಳಿಸಿದ. ಕೆಂಗೇರಿ ಮನೆಯ ಗೃಹಪ್ರವೇಶಕ್ಕೆ ಬಂದವನು, ನಾವು ಬೇಡ ಅಂತ ಎತ್ತಿಟ್ಟಿದ್ದ ವಿಜಯನಗರದ ರೂಟರನ್ನೂ ಅದರ ಜೊತೆಗಿದ್ದ, ವೈಫೈಯನ್ನು ಇನ್ನಷ್ಟು ದೂರ ಮುಟ್ಟಿಸುವ ಎಕ್ಸ್‌ಟೆಂಡರನ್ನೂ "ಚೆನ್ನಾಗಿದೆಯಲ್ಲ, ಬಿಸಾಕೋದೆಂತಕ್ಕೆ" ಅಂತ ಊರಿಗೆ ಹೊತ್ತೊಯ್ದಿದ್ದ. ಹುಡುಗ ಅದನ್ನೇ ಜೋಡಿಸಿ ಹೋದ. ಆ ರಾತ್ರಿಯೇ ಅಪ್ಪಯ್ಯ ಮ್ಯಾಪಿನಲ್ಲಿ ಬೆಂಗಳೂರಿಗೆ ಬಂದುಬಿಟ್ಟ.

ಕೇಳಿದ ಕೂಡಲೇ ನನಗೆ ಹೊಳೆಯಲಿಲ್ಲ. ಆಫೀಸಿನ ನೆಟ್‌ವರ್ಕ್ ನೋಡಿಕೊಳ್ಳುವ ಗೆಳೆಯ ಕ್ಯಾಂಟೀನಿನಲ್ಲಿ ದೋಸೆ ಮುರಿಯುತ್ತಾ ಬಿಡಿಸಿ ಹೇಳಿದ. ಫೋನಿಗೆ ತಾನೆಲ್ಲಿದ್ದೇನೆ ಅಂತ ತಿಳಿಯಲು ದಾರಿ ಒಂದೇ ಅಲ್ಲ. ಜಿಪಿಎಸ್ ಇದೆ, 20,000 ಕಿಲೋಮೀಟರಿಗೂ ಮೇಲಿರುವ ಉಪಗ್ರಹಗಳಲ್ಲಿ ಕನಿಷ್ಠ ನಾಲ್ಕರ ದನಿ ಕೇಳಿಸಬೇಕು. ಹೆಂಚಿನ ಕೆಳಗೆ ಮುಚ್ಚಿಗೆ ಹಲಗೆ, ಸುತ್ತ ಅಡಿಕೆ ತೋಟ, ಮೇಲೆ ಗುಡ್ಡದ ಕಾಡು ಇರುವ ನಮ್ಮ ಮನೆಯ ನಡುಮನೆಯಲ್ಲಿ ಅದು ಕಷ್ಟ. ಎರಡನೆಯದು ಮೊಬೈಲ್ ಟವರ್. ನಮ್ಮಲ್ಲಿ ಅಂಗಳದ ತುದಿಗೆ ಹೋದರೆ ಒಂದು ಕಡ್ಡಿ ಸಿಗುತ್ತದೆ, ಕರೆಂಟ್ ಹೋದರೆ ಅದೂ ಇಲ್ಲ. ಮೂರನೆಯದು ವೈಫೈ. ಪ್ರತಿ ರೂಟರಿಗೂ ಹುಟ್ಟಿನಿಂದ ಬಂದ ಒಂದು ನಂಬರ್ ಇರುತ್ತದೆ. ಬೀದಿಯಲ್ಲಿ ಓಡಾಡುವವರ ಜೇಬಿನ ಫೋನುಗಳು, ಈ ನಂಬರ್ ಈ ಜಾಗದಲ್ಲಿ ಕೇಳಿಸಿತು ಅಂತ ಸದ್ದಿಲ್ಲದೆ ಬರೆದುಕೊಂಡು ಹೋಗಿ ದೊಡ್ಡ ಪಟ್ಟಿಗೆ ಸೇರಿಸುತ್ತಿರುತ್ತವೆ. ನಮ್ಮ ರೂಟರ್ ವಿಜಯನಗರದಲ್ಲಿ ಆರು ವರ್ಷ ಇತ್ತು. ಆ ಪಟ್ಟಿಯಲ್ಲಿ ಅದು ವಿಜಯನಗರದ ಕಾಯಂ ನಿವಾಸಿ. ಸಿಟಿಯ ಬೇರೆ ಮನೆಗೆ ಒಯ್ದಿದ್ದರೆ ಅಕ್ಕಪಕ್ಕದ ಹತ್ತು ರೂಟರುಗಳು ಇದರ ಸುಳ್ಳನ್ನು ಹಿಡಿದುಹಾಕುತ್ತಿದ್ದವು. ನಮ್ಮೂರಿನಲ್ಲಿ ಪಕ್ಕದ ಮನೆ ಅಂದರೆ ಎರಡು ಫರ್ಲಾಂಗು. ಇದ್ದದ್ದು ಒಂದು ರೂಟರ್, ಅದರ ಸುಳ್ಳಿಗೆ ತಲೆಯಾಡಿಸಲು ಪಕ್ಕದಲ್ಲಿ ಎಕ್ಸ್‌ಟೆಂಡರ್. ಉಪಗ್ರಹ ಸಿಗದ, ಟವರ್ ಸಿಗದ ಫೋನು ಆ ಇಬ್ಬರ ಸಾಕ್ಷಿ ನಂಬಿತು. "ಈಗಷ್ಟೇ" ಅಂದದ್ದು ನಿಜವೇ. ಹೊತ್ತು ಸರಿ, ಜಾಗ ತಪ್ಪು.

ಬುಧವಾರ ಸಂಜೆ ಪರೀಕ್ಷೆ ಮಾಡಿದೆವು. ಫೋನ್ ಹಿಡಿದು ಅಂಗಳಕ್ಕೆ ಹೋಗು ಅಂದೆ. ಎರಡು ನಿಮಿಷಕ್ಕೆ ಅವನ ಫೋಟೋ ವಿಜಯನಗರದಿಂದ ಹಾರಿ ಸಾಗರದ ಹಸಿರಿನಲ್ಲಿ ಬಿತ್ತು.

"ಈಗ ಎಲ್ಲಿದೀನಿ?"

"ಸಾಗರ."

ಒಳಗೆ ಹೋಗಿ ಸ್ವಲ್ಪ ಹೊತ್ತು ಕೂತ. "ಈಗ?"

"ವಿಜಯನಗರ."

"ಬಸ್ ಚಾರ್ಜ್ ಉಳೀತು" ಅಂದ. ಆಮೇಲೆ ಅಮ್ಮನನ್ನು ಕರೆದು, "ಬಾರೆ, ಬೆಂಗಳೂರಿಗೆ ಹೋಗಿ ಬರುವ" ಅಂತ ಅವಳನ್ನೂ ಹೊರಗೆ ಒಳಗೆ ಓಡಾಡಿಸಿದ. ಅವಳ ಹತ್ತಿರ ಇರುವುದು ಕೀಪ್ಯಾಡ್ ಸೆಟ್ಟು, ಯಾವ ಮ್ಯಾಪಿಗೂ ಸಿಗುವವಳಲ್ಲ. ಆದರೂ ನಾಲ್ಕು ಸುತ್ತು ಹೊಡೆದಳು.

ಇದಕ್ಕೆ ಮದ್ದೂ ಇದೆ. ವೈಫೈ ಹೆಸರಿನ ಕೊನೆಗೆ ಅಂಡರ್‌ಸ್ಕೋರ್ ಹಾಕಿ "ನೋಮ್ಯಾಪ್" ಅಂತ ಇಂಗ್ಲಿಷಿನಲ್ಲಿ ಸೇರಿಸಿದರೆ ಗೂಗಲ್ ತನ್ನ ಪಟ್ಟಿಯಿಂದ ಆ ರೂಟರನ್ನು ಬಿಡುತ್ತದೆ. ಹುಡುಗನಿಗೆ ಹೇಳಿ ಮಾಡಿಸುತ್ತೇನೆ ಅಂದೆ. ಅಪ್ಪಯ್ಯ ಒಪ್ಪಲಿಲ್ಲ. "ನಮ್ಮನೆ ಮ್ಯಾಪಲ್ಲಿ ಇಲ್ಲ ಅಂತ ನಾವೇ ಬೋರ್ಡ್ ಹಾಕ್ಕೊಳ್ಳೋದಾ?" ಬದಲಿಗೆ, ಜಿಪಿಎಸ್ ಸಿಗುವ ಕಡೆ ವೈಫೈ ಆನ್ ಇಟ್ಟುಕೊಂಡು ಓಡಾಡುತ್ತಿದ್ದರೆ ಪಟ್ಟಿ ನಿಧಾನಕ್ಕೆ ತಿದ್ದಿಕೊಳ್ಳುತ್ತದೆ ಅಂದದ್ದು ಅವನಿಗೆ ಹಿಡಿಸಿತು. ಈಗ ದಿನಾ ಬೆಳಿಗ್ಗೆ ಕಾಫಿ ಲೋಟ, ಫೋನು ಎರಡೂ ಹಿಡಿದು ಅಂಗಳದಲ್ಲಿ ತಿರುಗುತ್ತಾನಂತೆ. ಯಾರಾದರೂ ಕೇಳಿದರೆ, ಡಬ್ಬಿಗೆ ಊರು ತೋರಿಸ್ತಿದೀನಿ ಅನ್ನುತ್ತಾನಂತೆ.

ಇಷ್ಟೆಲ್ಲ ಬಗೆಹರಿದ ಮೇಲೂ ಅವನ ಪ್ರಶ್ನೆ ಉಳಿಯಿತು. ನಂಗ್ಯಾಕೆ ಕಾಣಲ್ಲ?

ಕಾಣಲ್ಲ, ಯಾಕೆಂದರೆ ನಾನು ತೋರಿಸಿಲ್ಲ. ಮ್ಯಾಪಿನ ಲೊಕೇಶನ್ ಶೇರಿಂಗ್ ಒಮ್ಮುಖ ರಸ್ತೆ. ಅವನು ನನಗೆ ತೋರಿಸಿದ ಮಾತ್ರಕ್ಕೆ ನಾನು ಅವನಿಗೆ ಕಾಣುವುದಿಲ್ಲ. ನಾನೂ ಬೇರೆಯಾಗಿ ಒತ್ತಬೇಕು. ಮೂರು ವರ್ಷದ ಹಿಂದೆ ಅವನು ಸ್ನಾನಕ್ಕೆ ಹೋಗಿದ್ದಾಗ ನಾನೇ ಅವನ ಫೋನ್ ತೆಗೆದುಕೊಂಡು ನನಗೂ ತಂಗಿಗೂ ಶೇರ್ ಮಾಡಿದ್ದೆ. ವಾಟ್ಸಾಪಿನ ಲೈವ್ ಲೊಕೇಶನ್ನಿನಲ್ಲಿ 15 ನಿಮಿಷ, 1 ಗಂಟೆ, 8 ಗಂಟೆ ಅಂತ ಡಾಕ್ಟರು ಮಾತ್ರೆ ಬರೆದುಕೊಟ್ಟ ಹಾಗೆ ಲೆಕ್ಕ. ಅದು ಬೇಡ ಅಂತ ಮ್ಯಾಪಿನಲ್ಲಿ "ನೀವು ಆಫ್ ಮಾಡುವವರೆಗೆ" ಅನ್ನುವುದನ್ನು ಆರಿಸಿದ್ದೆ. ಸ್ನಾನ ಮುಗಿಸಿ ಬಂದವನಿಗೆ ಹೇಳಿದ್ದೆ. ಆಯ್ತು ಅಂದಿದ್ದ. ನಿಮ್ಮ ಲೊಕೇಶನ್ ಇಂಥವರಿಗೆ ಕಾಣಿಸುತ್ತಿದೆ ಅಂತ ನೆನಪಿಸುವ ಮೇಲ್ ಗೂಗಲ್ ಕಳಿಸುತ್ತಲೇ ಇರುತ್ತದೆ, ಅಪ್ಪಯ್ಯ ಮೇಲ್ ತೆರೆಯುವವನಲ್ಲ. ನನ್ನ ಚುಕ್ಕಿಯನ್ನು ಅವನಿಗೆ ಕೊಡಬೇಕು ಅಂತ ಆ ದಿನ ನನಗೆ ಅನ್ನಿಸಲೇ ಇಲ್ಲ. ವಯಸ್ಸಾದವರು, ಒಬ್ಬರೇ ಓಡಾಡುತ್ತಾರೆ, ಕಾಳಜಿ ಅಂತೆಲ್ಲ ತಂಗಿಯೂ ನಾನೂ ಮಾತಾಡಿಕೊಂಡಿದ್ದೆವು. ದನಕ್ಕೆ ಗಂಟೆ ಕಟ್ಟುವುದೂ ಕಾಳಜಿಯೇ. ಯಾವ ದನವೂ ತಿರುಗಿ, ನಿನ್ನ ಗಂಟೆ ಎಲ್ಲಿ ಅಂತ ಕೇಳಿದ್ದಿಲ್ಲ.

ಈಗ ಕೇಳಿದ್ದಾನೆ, ಕೊಡಲು ಎಷ್ಟು ಹೊತ್ತು? ಎರಡು ಸಲ ಒತ್ತಿದರೆ ಮುಗೀತು. ಬುಧವಾರ ರಾತ್ರಿ ಅಲ್ಲಿಯವರೆಗೆ ಹೋಗಿ ವಾಪಸು ಬಂದೆ. ಮೀಟಿಂಗಿನಲ್ಲಿದೀನಿ ಅಂತ ಅವನ ಫೋನ್ ಕತ್ತರಿಸುವಾಗ ನಾನು ಎಷ್ಟೋ ಸಲ ಸೋಫಾದ ಮೇಲೆ ಕಾಲು ಚಾಚಿಕೊಂಡಿರುತ್ತೇನೆ. ಇದು ಎಲ್ಲರೂ ಹೇಳುವ ಸುಳ್ಳು, ಹೋಗಲಿ. ನಾನು ಹೆದರಿದ್ದು ಅದಕ್ಕಲ್ಲ. ಫೆಬ್ರವರಿಯಲ್ಲಿ ಆಫೀಸಿನ ಕೆಲಸಕ್ಕೆ ಶಿವಮೊಗ್ಗಕ್ಕೆ ಹೋಗಿದ್ದೆ. ಅಲ್ಲಿಂದ ಸಾಗರ 70 ಕಿಲೋಮೀಟರ್. ಮಧ್ಯಾಹ್ನ ಮೂರಕ್ಕೇ ಕೆಲಸ ಮುಗಿದಿತ್ತು. ಹೋದರೆ ಉಳಿಯಬೇಕು, ಉಳಿದರೆ ರಜೆ ಹಾಕಬೇಕು ಅಂತ ಲೆಕ್ಕ ಹಾಕಿ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಬಂದೆ. ಊರಲ್ಲಿ ಯಾರಿಗೂ ಹೇಳಲಿಲ್ಲ. ಆ ಭಾನುವಾರದ ಫೋನಿನಲ್ಲಿ "ಈ ಕಡೆ ಬರೋದು ಯಾವಾಗ?" ಅಂತ ಅಮ್ಮ ಕೇಳಿದಾಗ, ಆಗ್ತಾ ಇಲ್ಲಮ್ಮ, ತುಂಬಾ ಕೆಲಸ ಅಂದೆ. ಅವತ್ತು ನನ್ನ ಚುಕ್ಕಿ ಅವನ ಫೋನಿನಲ್ಲಿ ಇದ್ದಿದ್ದರೆ ಶಿವಮೊಗ್ಗದವರೆಗೆ ಬಂದು, ಆರು ಗಂಟೆ ಕಾಲ ನಿಂತು, ಬೆನ್ನು ತಿರುಗಿಸಿ ಹೋದದ್ದು ಕಾಣುತ್ತಿತ್ತು. ನೋಡಿದರೂ ಅವನು ಕೇಳುತ್ತಿರಲಿಲ್ಲ, ಅದು ಬೇರೆ ಮಾತು.

ಗುರುವಾರ ಸಂಜೆ ಆಫೀಸಿನಿಂದ ಹೊರಡುವಾಗ ಒತ್ತಿದೆ. ಎಷ್ಟು ಹೊತ್ತು ಅಂತ ಅದೇ ಕೇಳುತ್ತದೆ. ತಾನಾಗಿ ತೋರಿಸುವುದು 1 ಗಂಟೆ. ಟೆಸ್ಟಿಂಗಿಗೆ ಸಾಕು ಅಂತ ಹಾಗೇ ಬಿಟ್ಟೆ.

ನಿನ್ನೆ ಬೆಳಿಗ್ಗೆ ಅಂಗಳದಿಂದ ಫೋನ್ ಬಂತು. ಹಿಂದೆ ಕೋಳಿ ಕೂಗುತ್ತಿತ್ತು.

"ನಿನ್ನೆ ನೋಡಿದೆ ನಿನ್ನ. ನಾಯಂಡಹಳ್ಳಿ ಹತ್ರ ನಿಂತಲ್ಲೇ ನಿಂತಿದ್ದೆ, ಪಾಪ. ಚಾರ್ಜ್ ಬೇರೆ ಹನ್ನೊಂದೇ ಇತ್ತು. ಆಮೇಲೆ ಮಾಯ ಆದೆ. ಮನೆ ಮುಟ್ಟಿದೆಯಾ?"