ಜೆರಾಕ್ಸ್ ಹಾಳೆಗಳಲ್ಲಿ ಸಿಕ್ಕ ಗುರುಗಳು

ಕ್ರೈಸ್ತ ಪಾದ್ರಿಗಳಾಗುವವರು ಓದುವ ಪುಣೆಯ ಜ್ಞಾನದೀಪ ವಿದ್ಯಾಪೀಠಕ್ಕೆ ನಾನು ಓದಲು ಸೇರಿದಾಗ, ಅಲ್ಲಿ ಬೈಬಲ್ ಕಲಿಸುತ್ತಿದ್ದ ಫಾದರ್ ಜಾರ್ಜ್ ಸೋರೆಸ್-ಪ್ರಭು ಬದುಕಿರಲಿಲ್ಲ. 1995ರಲ್ಲೇ ರಸ್ತೆ ಅಪಘಾತದಲ್ಲಿ ತೀರಿಕೊಂಡಿದ್ದರು. ಆದರೂ ನನಗೆ ಬೈಬಲ್ ಓದಲು ಕಲಿಸಿದವರು ಯಾರು ಅಂದರೆ ಬಾಯಿಗೆ ಬರುವುದು ಅವರ ಹೆಸರೇ.

ಹೊಸ ಒಡಂಬಡಿಕೆ ಕಲಿಸುತ್ತಿದ್ದ ನಮ್ಮ ಪ್ರೊಫೆಸರ್ ಕ್ಲಾಸಿಗೆ ಬರುವಾಗ ಫಾದರ್ ಬರೆದ ಲೇಖನಗಳ ಜೆರಾಕ್ಸ್ ತರುತ್ತಿದ್ದರು. ಬಲಗಡೆ ಅಂಚಿನಲ್ಲಿ ಅರ್ಧರ್ಧ ಪದ ಕಟ್ ಆಗಿರುತ್ತಿತ್ತು. ಉಳಿದರ್ಧ ನಾವೇ ಊಹಿಸಿ ಪೆನ್ಸಿಲಿನಲ್ಲಿ ತುಂಬಿಕೊಳ್ಳಬೇಕು. ಹೀಗೆ ಓದಿದ್ದು ಮರೆಯುವುದಿಲ್ಲ ನೋಡಿ.

ಫಾದರ್ ಹುಟ್ಟಿದ್ದು 1929ರಲ್ಲಿ. ಮೊದಲು ಓದಿದ್ದು ರಸಾಯನಶಾಸ್ತ್ರ. ಆಮೇಲೆ ಯೇಸುಸಭೆ ಎಂಬ ಕ್ಯಾಥೊಲಿಕ್ ಸನ್ಯಾಸಿಗಳ ಸಂಘ (ಜೆಸ್ಯೂಟರು) ಸೇರಿದರು, ಫ್ರಾನ್ಸಿಗೆ ಹೋಗಿ ಸಂಶೋಧನೆ ಮಾಡಿದರು. ಆ ಪ್ರಬಂಧ 1976ರಲ್ಲಿ ರೋಮಿನಿಂದ ಪುಸ್ತಕವಾಗಿ ಬಂತು. ಮತ್ತಾಯನ ಶುಭಸಂದೇಶದ ಮೊದಲ ಎರಡೇ ಅಧ್ಯಾಯಗಳ ಮೇಲೆ ಅಷ್ಟು ದಪ್ಪ ಪುಸ್ತಕ! ಬಾಲಯೇಸುವಿನ ಕಥೆ ಹೇಳುತ್ತಾ ಮತ್ತಾಯ ಮತ್ತೆ ಮತ್ತೆ 'ಪ್ರವಾದಿ ಹೇಳಿದ್ದು ಹೀಗೆ ನೆರವೇರಿತು' ಅನ್ನುತ್ತಾನೆ. ಎಲ್ಲಿಂದ ತಂದ ಆ ಮಾತುಗಳನ್ನು? ಹಳೆಯ ಒಡಂಬಡಿಕೆಯ ಹೀಬ್ರೂ ಮೂಲದಿಂದಲೋ ಅದರ ಗ್ರೀಕ್ ಅನುವಾದದಿಂದಲೋ? ಇನ್ನು 'ನಜರೇತಿನವನು ಎನಿಸಿಕೊಳ್ಳುವನು' ಎಂಬ ಮಾತಂತೂ ಅಲ್ಲಿ ಎಲ್ಲೂ ಇಲ್ಲ. ಬೇಕಿದ್ದರೆ ಹುಡುಕಿ. ಲ್ಯಾಬಿನಲ್ಲಿ ಕೂತವರ ಹಾಗೆ ಒಂದೊಂದು ಪದವನ್ನೂ ಬಿಡಿಸಿ ನೋಡುವ ಕೆಲಸ ಅದು.

ಆ ವಿದ್ಯೆಯಲ್ಲಿ ಅಷ್ಟು ಪಳಗಿದವರು ಊರಿಗೆ ಬಂದ ಮೇಲೆ ಬರೆದದ್ದೇನು ಗೊತ್ತೇ? ಇದೊಂದೇ ನಮಗೆ ಸಾಲದು ಅಂತ. ಪಠ್ಯ ಯಾವಾಗ ಹುಟ್ಟಿತು, ಹೇಗೆ ಬೆಳೆಯಿತು ಅಂತ ಆ ವಿಧಾನ ಹೇಳುತ್ತದೆ, ಸರಿ. ಆದರೆ ಬಡತನ, ಜಾತಿ, ಹತ್ತಾರು ಧರ್ಮಗಳ ನಡುವೆ ಬದುಕುವವರು ಕೇಳುವ ಪ್ರಶ್ನೆಯೇ ಬೇರೆ. ಯುರೋಪಿನ ವಿಧಾನ ಗೊತ್ತಿಲ್ಲದವರು ಹೀಗಂದಿದ್ದರೆ ಸುಮ್ನೆ ಮಾತು ಅನ್ನಬಹುದಿತ್ತು. ಇವರನ್ನು ಹಾಗನ್ನಲು ಬರುವುದಿಲ್ಲ.

ನನ್ನನ್ನು ಜಾಸ್ತಿ ಕಾಡಿದ್ದು 1992ರ ಲೇಖನ. ಯೇಸು ಯಾರ ಜೊತೆ ಕೂತು ಊಟ ಮಾಡುತ್ತಿದ್ದ, ದಲಿತ ಕ್ರೈಸ್ತರಿಗೆ ಅದರಿಂದ ಏನಾಗಬೇಕು ಎಂಬುದು ವಿಷಯ. ಸುಂಕ ವಸೂಲಿ ಮಾಡುತ್ತಿದ್ದ ಲೇವಿಯ ಮನೆಯಲ್ಲಿ, ಜನ ದೂರ ಇಟ್ಟಿದ್ದ ಸುಂಕದವರು, ಪಾಪಿಗಳ ಜೊತೆ ಯೇಸು ಊಟಕ್ಕೆ ಕೂರುತ್ತಾನೆ. ಊರವರು ಅವನನ್ನು ಹೊಟ್ಟೆಬಾಕ, ಕುಡುಕ ಅಂತಾರೆ. ಇದನ್ನು ಎಷ್ಟೋ ಸಲ ಚರ್ಚಿನ ಪ್ರಸಂಗದಲ್ಲಿ ಕೇಳಿದ್ದೆ. ಶುದ್ಧ-ಅಶುದ್ಧದ ಲೆಕ್ಕವನ್ನೇ ಮುರಿಯುವ ಊಟ ಅದು ಅಂತ ಯಾರೂ ಹೇಳಿರಲಿಲ್ಲ. ನಮ್ಮೂರ ಚರ್ಚಿನಲ್ಲಿ ಪರಮಪ್ರಸಾದ ಎಲ್ಲರಿಗೂ ಒಂದೇ ಪಾತ್ರೆಯಿಂದ. ಹೊರಗೆ ಹಬ್ಬದೂಟಕ್ಕೆ ಮಾತ್ರ ಕೇರಿಯವರ ಪಂಕ್ತಿ ಬೇರೆ, ಅದೂ ಕೊನೆಗೆ. ಚಿಕ್ಕವನಿದ್ದಾಗ ನಾನೂ ಆ ಪಂಕ್ತಿಯಲ್ಲೇ ಕೂತವನು. ಜೆರಾಕ್ಸ್ ಮಡಿಸಿಟ್ಟು ಹೊರಗೆ ಬಂದೆ. ಆ ದಿನ ಮೆಸ್ಸಿನಲ್ಲಿ ಯಾರ ಪಕ್ಕ ಯಾರು ಕೂತಿದ್ದಾರೆ ಅಂತ ನೋಡುತ್ತಲೇ ಉಂಡೆ.

ಇನ್ನೊಂದು ಲೇಖನಕ್ಕೆ ಕ್ಲಾಸಿನಲ್ಲಿ ಜಗಳವೇ ಆಯಿತು. ಅಲ್ಲಿ ಎರಡು ಅಪ್ಪಣೆಗಳನ್ನು ಅಕ್ಕಪಕ್ಕ ಇಟ್ಟು ಓದಿದ್ದಾರೆ. ಒಂದು ಮತ್ತಾಯನ ಕೊನೆಯ ಮಾತು: ಹೋಗಿ, ಎಲ್ಲಾ ಜನಾಂಗಗಳನ್ನು ಶಿಷ್ಯರನ್ನಾಗಿ ಮಾಡಿ. ಇನ್ನೊಂದು ಬುದ್ಧ ತನ್ನ ಭಿಕ್ಷುಗಳಿಗೆ ಹೇಳಿದ್ದು: ಬಹುಜನರ ಹಿತಕ್ಕಾಗಿ, ಬಹುಜನರ ಸುಖಕ್ಕಾಗಿ ಹೊರಡಿ, ಇಬ್ಬರು ಒಂದೇ ದಾರಿಯಲ್ಲಿ ಹೋಗಬೇಡಿ. ಬುದ್ಧ ಕಳಿಸಿದ್ದು ತಾವೇ ಬಿಡುಗಡೆ ಕಂಡವರನ್ನು, ಲೋಕದ ಮೇಲಿನ ಅನುಕಂಪದಿಂದ. 'ಹೀಗೆ ಹೋಲಿಸಿದರೆ ನಮ್ಮದು ಸಪ್ಪೆಯಾಗೋದಿಲ್ವಾ?' ಅಂದ ಒಬ್ಬ ಬ್ರದರ್. ನನಗಂತೂ ಮತ್ತಾಯ ಇನ್ನೂ ಚೆನ್ನಾಗಿ ಕಂಡ. ಕಳಿಸುವ ಮುಂಚೆ ಅವನ ಯೇಸು ನೀವು ಉಪ್ಪು, ನೀವು ಬೆಳಕು ಅಂದಿದ್ದಾನಲ್ಲ, ಅದು ಆಗ ನೆನಪಾಯಿತು.

ಜಗಳ ಮುಗಿಯುವ ಮುಂಚೆ ಬೆಲ್ ಹೊಡೆಯಿತು. ಪ್ರೊಫೆಸರ್ ಯಾರ ಪರವೂ ವಹಿಸಲಿಲ್ಲ. ಪರೀಕ್ಷೆಗೆ ಇದೇ ಪ್ರಶ್ನೆ, ಮತ್ತಾಯನ ಗ್ರೀಕ್ ಜೊತೆ ಬುದ್ಧನ ಪಾಳಿ ಸಾಲನ್ನೂ ಬರೆಯಬೇಕು ಅಂದು ಹೊರಟರು. ಆ ವಾರವಿಡೀ ಹಾಸ್ಟೆಲಿನ ಕಾರಿಡಾರಿನಲ್ಲಿ 'ಚರಥ ಭಿಕ್ಖವೇ' (ಹೊರಡಿ, ಭಿಕ್ಷುಗಳೇ) ಅಂತ ಉರು ಹೊಡೆಯುತ್ತಾ ಓಡಾಡಿದೆವು.