ಸ್ಟೇಜ್‌ಗೆ ಪ್ರೊಸೆಸರ್ ಆಂಪಾ, ಪ್ಲಗಿನ್ನಾ?

ಗಿಟಾರ್ ನುಡಿಸುವ ಹುಡುಗರು ಸಿಕ್ಕಾಗೆಲ್ಲ ಕೇಳುವುದು ಇದನ್ನೇ: "ಅಣ್ಣಾ, ಲೈವ್‌ಗೆ ಪ್ರೊಸೆಸರ್ ಒಳಗಿರೋ ಆಂಪ್ ಮಾಡೆಲ್ ಸಾಕಾ, ಇಲ್ಲ ಲ್ಯಾಪ್‌ಟಾಪ್ ತಂದು ಪ್ಲಗಿನ್ ಹಾಕ್ಲಾ? ಮನೇಲಿ ಪ್ಲಗಿನ್ ಸೌಂಡ್ ಸಖತ್ತಾಗಿದೆ."

ಪ್ರೊಸೆಸರ್ ಅಂದರೆ ಗಿಟಾರ್ ಆಂಪ್, ಎಫೆಕ್ಟ್‌ಗಳ ನಕಲು (ಮಾಡೆಲ್) ಒಳಗಿರುವ ಪೆಟ್ಟಿಗೆ. ಪ್ಲಗಿನ್ ಅಂದರೆ ಅದೇ ಕೆಲಸವನ್ನು ಲ್ಯಾಪ್‌ಟಾಪ್‌ನಲ್ಲಿ ಮಾಡುವ ಸಾಫ್ಟ್‌ವೇರ್. ಸ್ಟೇಜ್‌ಗೆ ಪ್ರೊಸೆಸರ್ ತನ್ನಿ, ಪ್ಲಗಿನ್ ರೆಕಾರ್ಡಿಂಗ್‌ಗೆ ಇರಲಿ ಅಂತೀನಿ.

ಹಾಗಂತ ಪ್ಲಗಿನ್ ಸೌಂಡ್ ಕಡಿಮೆ ಅಂತ ಅಲ್ಲ. ಎರಡೂ ಸಾಫ್ಟ್‌ವೇರೇ. ಲೈನ್ 6 ಕಂಪನಿ 2015ರಲ್ಲಿ ಹೀಲಿಕ್ಸ್ ಪ್ರೊಸೆಸರ್ ತಂದಿತು. 2017ರಲ್ಲಿ ಅದರೊಳಗಿನ ಆಂಪ್‌ಗಳನ್ನೇ ಹೀಲಿಕ್ಸ್ ನೇಟಿವ್ ಅನ್ನುವ ಪ್ಲಗಿನ್ ಮಾಡಿ ಮಾರಿತು. ನ್ಯೂರಲ್ ಡಿಎಸ್‌ಪಿಯವರದು ಉಲ್ಟಾ ದಾರಿ. ಮೊದಲು ಪ್ಲಗಿನ್ ಮಾಡಿದರು, ಆಮೇಲೆ ಕ್ವಾಡ್ ಕಾರ್ಟೆಕ್ಸ್ ಪ್ರೊಸೆಸರ್. ಈಗ ಅವರ ಕೆಲವು ಪ್ಲಗಿನ್‌ಗಳು ಆ ಪೆಟ್ಟಿಗೆಯೊಳಗೂ ಓಡುತ್ತವೆ. ಇರುವ ವ್ಯತ್ಯಾಸವೆಲ್ಲ ಅದನ್ನು ಓಡಿಸುವ ಕಂಪ್ಯೂಟರ್‌ನದು. ಪ್ರೊಸೆಸರ್‌ಗೆ ಇದೊಂದೇ ಕೆಲಸ. ಲ್ಯಾಪ್‌ಟಾಪ್‌ಗೆ ಸಾವಿರ ಕೆಲಸ.

ಇದು ಕೈಗೆ ಗೊತ್ತಾಗುವುದು ಲೇಟೆನ್ಸಿಯಲ್ಲಿ, ಅಂದರೆ ತಂತಿ ಮೀಟಿದ್ದಕ್ಕೂ ಸದ್ದು ಬರುವುದಕ್ಕೂ ನಡುವಿನ ತಡದಲ್ಲಿ. ಲ್ಯಾಪ್‌ಟಾಪ್ ಸದ್ದನ್ನು ಚೂರು ಚೂರು (ಸ್ಯಾಂಪಲ್) ಮಾಡಿ, ಒಂದಷ್ಟನ್ನು ಗುಂಪುಗೂಡಿಸಿ (ಬಫರ್) ಕೆಲಸ ಮಾಡುತ್ತದೆ. ಬಫರ್ 128 ಸ್ಯಾಂಪಲ್ ಇಟ್ಟಿದ್ದೀರಿ, ಸ್ಯಾಂಪಲ್ ರೇಟ್ ಸೆಕೆಂಡಿಗೆ 48,000 ಅಂದುಕೊಳ್ಳಿ. ಒಂದು ಬಫರ್ ತುಂಬಲು ಸುಮಾರು 2.7 ಮಿಲಿಸೆಕೆಂಡ್ ಬೇಕು. ಒಳಗೆ ಬರುವಾಗ ಒಂದು ಸಲ, ಹೊರಗೆ ಹೋಗುವಾಗ ಇನ್ನೊಂದು ಸಲ. ಮೇಲೆ ಇಂಟರ್ಫೇಸ್ (ಗಿಟಾರನ್ನು ಲ್ಯಾಪ್‌ಟಾಪ್‌ಗೆ ಜೋಡಿಸುವ ಡಬ್ಬ), ಅದರ ಡ್ರೈವರ್ ಸಾಫ್ಟ್‌ವೇರ್ ತಮ್ಮ ಪಾಲು ಸೇರಿಸುತ್ತವೆ. ಒಳ್ಳೆಯ ಇಂಟರ್ಫೇಸ್ ಇದ್ದರೂ 7-8 ಮಿಲಿಸೆಕೆಂಡ್ ಆಗಿಬಿಡುತ್ತದೆ.

ಅದೇನು ದೊಡ್ಡದಾ? ಸುಮ್ನೆ ನೋಡಿದರೆ ಅಲ್ಲ. ಗಾಳಿಯಲ್ಲಿ ಸದ್ದು ಒಂದು ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡ್ ಬೇಕು. ಆಂಪ್‌ನಿಂದ ಮೂರು ಮೀಟರ್ ದೂರ ನಿಂತು ನುಡಿಸಿದವರು ಯಾರೂ ಲೇಟ್ ಅಂತ ಗೊಣಗಿಲ್ಲ. ಆದರೆ ಸ್ಟೇಜ್‌ನಲ್ಲಿ ಲ್ಯಾಪ್‌ಟಾಪ್ ಒಂದೇ ಇರುವುದಿಲ್ಲ, ಅಲ್ವಾ? ಗಿಟಾರ್‌ಗೆ ಡಿಜಿಟಲ್ ವೈರ್‌ಲೆಸ್, ಆಮೇಲೆ ಡಿಜಿಟಲ್ ಮಿಕ್ಸರ್. ಒಂದೊಂದೂ ಸ್ವಲ್ಪ ಸ್ವಲ್ಪ ಸೇರಿಸುತ್ತದೆ. ಅಷ್ಟರಲ್ಲಿ ಲ್ಯಾಪ್‌ಟಾಪ್ ಬಿಸಿಯಾಗಿ ಪಟಪಟ ಸದ್ದು ಶುರುವಾಗುತ್ತದೆ. ಬೇರೆ ದಾರಿಯಿಲ್ಲದೆ ಬಫರ್ 256ಕ್ಕೆ ಏರಿಸುತ್ತೀರಿ. ಈಗ ಬರೀ ಬಫರ್‌ಗಳೇ 10 ಮಿಲಿಸೆಕೆಂಡ್ ದಾಟಿದವು. ಫಾಸ್ಟ್ ರಿದಮ್ ನುಡಿಸುವಾಗ ಡ್ರಮ್ಮರ್ ಒಂದು ಕಡೆ, ನಿಮ್ಮ ಕೈ ಇನ್ನೊಂದು ಕಡೆ. ಪ್ರೊಸೆಸರ್‌ನಲ್ಲಿ ಬಫರ್ ಮುಟ್ಟುವ ಪ್ರಸಂಗವೇ ಇಲ್ಲ. ಸಾಮಾನ್ಯವಾಗಿ ಎರಡು ಮೂರು ಮಿಲಿಸೆಕೆಂಡ್‌ನಲ್ಲಿ ಸದ್ದು ಹೊರಗೆ ಬಂದಿರುತ್ತದೆ.

ಕರೆಂಟ್ ವಿಷಯದಲ್ಲಿ ಮಾತ್ರ ಲ್ಯಾಪ್‌ಟಾಪೇ ಗೆಲ್ಲುತ್ತದೆ. ಗಣೇಶನ ಹಬ್ಬದ ರಸಮಂಜರಿಯಲ್ಲಿ ನುಡಿಸಿದವರಿಗೆ ಗೊತ್ತು: ಹಾಡಿನ ಮಧ್ಯೆ ಕರೆಂಟ್ ಹೋಗುತ್ತದೆ, ಜನರೇಟರ್‌ಗೆ ಬದಲಾಯಿಸುವಾಗ ಒಂದೆರಡು ಕ್ಷಣ ಎಲ್ಲ ಕತ್ತಲು. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತಲೇ ಇರುತ್ತದೆ. ಯುಎಸ್‌ಬಿಯಿಂದಲೇ ಕರೆಂಟ್ ತಗೊಳ್ಳುವ ಇಂಟರ್ಫೇಸ್ ಕೂಡ. ಅಡಾಪ್ಟರ್ ಮೇಲೆ ನಿಂತ ಪ್ರೊಸೆಸರ್ ಮಾತ್ರ ಆಫ್ ಆಗಿ, ಮತ್ತೆ ಎದ್ದು ಕೂರುವಷ್ಟರಲ್ಲಿ ಪಲ್ಲವಿ ಮುಗಿದಿರುತ್ತದೆ. ಅದಕ್ಕೇ ಊರೂರು ಸುತ್ತುವವರಿಗೆ ನಾನು ಬಾಸ್ ಕಂಪನಿಯ ಜಿಟಿ-1 ಪ್ರೊಸೆಸರ್ ಥರದ್ದನ್ನು ಹೇಳುವುದು. ನಾಲ್ಕು ಪೆನ್ಸಿಲ್ ಸೆಲ್ ಹಾಕಿದರೆ ನಡೆಯುತ್ತದೆ. ದೊಡ್ಡ ಪ್ರೊಸೆಸರ್ ಇದ್ದರೆ ಚಿಕ್ಕದೊಂದು ಯುಪಿಎಸ್ ಜೊತೆಗೆ ಇಟ್ಟುಕೊಳ್ಳಿ. ಭಾರ ಜಾಸ್ತಿ ಆಗುತ್ತೆ, ಪರವಾಗಿಲ್ಲ.

"ಆದರೂ ಅಣ್ಣಾ, ಪ್ರೊಸೆಸರ್‌ನಲ್ಲಿ ಡಿಸ್ಟಾರ್ಷನ್ ಹಾಕಿದ್ರೆ ನೊಣ ಗುಂಯ್‌ಗುಟ್ಟಿದ ಹಾಗೆ ಬರುತ್ತೆ" ಅನ್ನುವವರಿದ್ದಾರೆ. ಹತ್ತರಲ್ಲಿ ಎಂಟು ಸಲ ತಪ್ಪು ಆಂಪ್ ಮಾಡೆಲ್‌ನದಲ್ಲ, ಕ್ಯಾಬಿನೆಟ್‌ನದು, ಅಂದರೆ ಪ್ರೊಸೆಸರ್ ಒಳಗಿರುವ ಗಿಟಾರ್ ಸ್ಪೀಕರ್ ಪೆಟ್ಟಿಗೆಯ ನಕಲಿನದು. ಗಿಟಾರ್ ಸ್ಪೀಕರ್ 5-6 ಸಾವಿರ ಹರ್ಟ್ಜ್‌ನಿಂದ ಮೇಲಿನದ್ದನ್ನು ಹೆಚ್ಚು ಕೊಡುವುದೇ ಇಲ್ಲ. ಜನರಿಗೆ ಕೇಳಿಸುವ ದೊಡ್ಡ ಪಿಎ ಸ್ಪೀಕರ್ ಅದಕ್ಕಿಂತ ತುಂಬಾ ಮೇಲಕ್ಕೆ ಹೋಗುತ್ತದೆ. ಕ್ಯಾಬಿನೆಟ್ ಆಫ್ ಮಾಡಿ ನೇರ ಮಿಕ್ಸರ್‌ಗೆ ಕೊಟ್ಟರೆ ಆ ಚರಚರ ಪೂರ್ತಿ ಜನರ ಕಿವಿಗೆ. ಇದರ ತಿರುಗುಮುರುಗೂ ಆಗುತ್ತದೆ. ಕ್ಯಾಬಿನೆಟ್ ಆನ್ ಇರುವ ಪ್ರೊಸೆಸರನ್ನು ಸ್ಟೇಜ್‌ನ ಗಿಟಾರ್ ಆಂಪ್‌ಗೆ ಚುಚ್ಚುತ್ತಾರೆ. ಒಂದರ ಮೇಲೊಂದು ಸ್ಪೀಕರ್ ಕೂತು ಸೌಂಡ್ ಮಂಕಾಗುತ್ತದೆ. ಔಟ್‌ಪುಟ್ ಎಲ್ಲಿಗೆ ಹೋಗುತ್ತಿದೆ ಅನ್ನುವ ಸೆಟ್ಟಿಂಗ್ ಪ್ರೊಸೆಸರ್ ಮೆನುವಿನಲ್ಲೇ ಇರುತ್ತದೆ. ಮಿಕ್ಸರ್‌ಗೆ ಅಂದರೆ ಕ್ಯಾಬಿನೆಟ್ ಆನ್. 80-100 ಹರ್ಟ್ಜ್‌ನಿಂದ ಕೆಳಗೆ, 6-7 ಸಾವಿರದಿಂದ ಮೇಲೆ ಕಟ್ ಮಾಡಿ.

ಪ್ಯಾಚ್ (ಒಂದು ಸೌಂಡ್‌ಗೆ ಉಳಿಸಿಟ್ಟ ಸೆಟ್ಟಿಂಗ್‌ಗಳು) ಮಾಡುವುದೂ ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಅಲ್ಲ. ಕಡಿಮೆ ವಾಲ್ಯೂಮ್‌ನಲ್ಲಿ ಕಿವಿಗೆ ಬೇಸ್, ಟ್ರೆಬಲ್ ಸಾಲುವುದಿಲ್ಲ, ಅದಕ್ಕೆ ಎರಡನ್ನೂ ಏರಿಸುತ್ತೀರಿ. ಅದೇ ಪ್ಯಾಚ್ ದೊಡ್ಡ ವಾಲ್ಯೂಮ್‌ನಲ್ಲಿ ಬೇಸ್ ಗಿಟಾರ್ ಜೊತೆ ಗುದ್ದಾಡುತ್ತದೆ, ಸಿಂಬಲ್ ಜೊತೆ ಜಗಳಕ್ಕಿಳಿಯುತ್ತದೆ. ಜ್ಯಾಮ್ ರೂಮ್‌ನಲ್ಲಿ ಡ್ರಮ್ಮರ್ ನುಡಿಸುತ್ತಿರುವಾಗ ಮಾಡಿ. ಮಿಡ್ ಏರಿಸಿ, ಗೇನ್ ಇಳಿಸಿ, ರಿವರ್ಬ್ ಅರ್ಧ ಮಾಡಿ. ಸೌಂಡ್‌ನವರು ನಿಮಗೆ ಟೀ ಕುಡಿಸುತ್ತಾರೆ.

ಪ್ಲಗಿನ್ ಬೇಕೇ ಬೇಕಾದ ಕಡೆಗಳೂ ಇವೆ. ಬ್ಯಾಂಡ್‌ನಲ್ಲಿ ಕೀಬೋರ್ಡ್ ಸೌಂಡ್‌ಗೆ, ಟ್ರ್ಯಾಕ್ ಹಾಕೋದಕ್ಕೆ ಮ್ಯಾಕ್ ಮೇಲೆ ಆಪಲ್‌ನ ಲೈವ್ ಸಾಫ್ಟ್‌ವೇರ್ ಮೇನ್‌ಸ್ಟೇಜ್ ಓಡುತ್ತಲೇ ಇದ್ದರೆ, ಗಿಟಾರನ್ನೂ ಅದರೊಳಗೆ ಹಾಕುವುದು ಸರಿಯೇ. ಅಲ್ಲೂ ನಾನು ಮೊದಲು ಅದರೊಳಗೇ ಬರುವ ಆಂಪ್ ಡಿಸೈನರ್ ಪ್ಲಗಿನ್ ಬಳಸಿ ಅಂತೀನಿ. ಲ್ಯಾಪ್‌ಟಾಪ್ ಕೆಟ್ಟು ಇನ್ನೊಬ್ಬರ ಮ್ಯಾಕ್ ತರಿಸಿದರೆ, ಮೇನ್‌ಸ್ಟೇಜ್ ಇದ್ದರೆ ಸಾಕು, ನಿಮ್ಮ ಫೈಲ್ ತೆರೆದುಕೊಳ್ಳುತ್ತದೆ. ಹೊರಗಿನ ಪ್ಲಗಿನ್ ಆದರೆ ಇನ್‌ಸ್ಟಾಲ್ ಮಾಡಬೇಕು, ಲೈಸೆನ್ಸ್ ಆಕ್ಟಿವೇಟ್ ಮಾಡಬೇಕು. ಮೈದಾನದಲ್ಲಿ ಸಾವಿರಾರು ಜನ ಮೊಬೈಲ್ ಹಿಡಿದು ನಿಂತಾಗ ನೆಟ್ ಎಲ್ಲಿ ಸಿಗುತ್ತೆ? ಶೋ ದಿನ ವೈಫೈ ಆಫ್. ಅದಕ್ಕೆ ಹಿಂದಿನ ವಾರ ಯಾವ ಅಪ್‌ಡೇಟೂ ಬೇಡ.

ಆಗಲೇ ದುಡ್ಡು ಕೊಟ್ಟು ಪ್ಲಗಿನ್ ತಗೊಂಡು, ಆ ಸೌಂಡೇ ಬೇಕು ಅನ್ನುವವರಿಗೆ ಒಂದು ದಾರಿಯಿದೆ. ಪ್ಲಗಿನ್‌ನಲ್ಲಿ ಅದರದ್ದೇ ಕ್ಯಾಬಿನೆಟ್ ಬದಲು ಹೊರಗಿನ ಐಆರ್ ಫೈಲ್ ಹಾಕಿ ಸೌಂಡ್ ಕೂರಿಸಿ. ಐಆರ್ ಅಂದರೆ ಒಂದು ಸ್ಪೀಕರ್, ಅದರ ಮುಂದೆ ಒಂದು ಮೈಕ್, ಇವೆರಡರ ಅಚ್ಚು ತೆಗೆದ ಚಿಕ್ಕ ಆಡಿಯೋ ಫೈಲ್. ಎಚ್‌ಎಕ್ಸ್ ಸ್ಟಾಂಪ್ ಥರದ ಪ್ರೊಸೆಸರ್‌ಗಳು ಅದೇ ಫೈಲನ್ನು ಒಳಗೆ ತಗೊಳ್ಳುತ್ತವೆ. ಐಆರ್‌ಗಿಂತ ಮೊದಲು ಅದೇ ಜಾತಿಯ ಆಂಪ್ ಮಾಡೆಲ್ ಇಟ್ಟು, ಗೇನನ್ನು ಕಿವಿಯಿಂದ ಸರಿಮಾಡಿ. ಆಮೇಲೆ ಡ್ರಮ್ಮರ್‌ಗೆ ಹಿಂದೆ ತಿರುಗಿ ನಿಲ್ಲಲು ಹೇಳಿ, ಎರಡನ್ನೂ ನುಡಿಸಿ, ಯಾವುದು ಯಾವುದು ಅಂತ ಕೇಳಿ ನೋಡಿ.