ಹ್ಯಾಟಿನ ರಿಬ್ಬನ್ ಸುಕ್ಕುಗಟ್ಟಿದಾಗ

ಉಣ್ಣೆ ಅಥವಾ ತುಪ್ಪಟವನ್ನು ಒತ್ತಿ ಮಾಡಿದ ಫೆಲ್ಟ್ ಹ್ಯಾಟಿನ ಸುತ್ತಲಿನ ರಿಬ್ಬನ್ ಸುಕ್ಕುಗಟ್ಟಿತೆಂದರೆ ಹೆಚ್ಚಿನವರು ಮೊದಲು ಇಸ್ತ್ರಿ ಪೆಟ್ಟಿಗೆಗೆ ಕೈಹಾಕುತ್ತಾರೆ. ಹ್ಯಾಟಿನ ಮೇಲೆ ಇದ್ದ ಹಾಗೆಯೇ ಅದನ್ನು ಒತ್ತಿದರೆ ಒಂದೆರಡು ದಿನ ನೆಟ್ಟಗೆ ಕಾಣುವುದು ನಿಜ. ಆಮೇಲೆ ಅದೇ ಜಾಗದಲ್ಲಿ ಅದೇ ಸುಕ್ಕು ಮತ್ತೆ ಏಳುತ್ತದೆ. ರಿಬ್ಬನ್ನಿನ ಅಳತೆಗೂ ಹ್ಯಾಟಿನ ಅಳತೆಗೂ ಇದ್ದ ಹೊಂದಾಣಿಕೆ ತಪ್ಪಿರುವಾಗ ಬರೀ ಶಾಖದಿಂದ ಅದನ್ನು ಸರಿಪಡಿಸಲಾಗದು. ಬೆಂಗಳೂರಿನ ಸಂಜೆ ಮಳೆಯಲ್ಲಿ ತೊಯ್ದು ಒಣಗಿದ ನನ್ನ ಬೂದು ಬಣ್ಣದ ಫೆಡೋರಾ ಹ್ಯಾಟಿಗೆ ಹೊಸ ರಿಬ್ಬನ್ ಹಾಕಿದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಹ್ಯಾಟು ರಿಪೇರಿ ಮಾಡುವವರು ನಮ್ಮ ಊರುಗಳಲ್ಲಿ ಸುಲಭವಾಗಿ ಸಿಗುವುದಿಲ್ಲವಾದ್ದರಿಂದ ಸೂಜಿದಾರ ಹಿಡಿಯಬಲ್ಲ ಯಾರಿಗಾದರೂ ಇದು ಉಪಯೋಗಕ್ಕೆ ಬರಬಹುದು.

ಸುಕ್ಕು ಎಲ್ಲಿ ಬಿದ್ದಿದೆ ಎಂಬುದೇ ಅದರ ಕಾರಣವನ್ನು ಹೇಳುತ್ತದೆ. ಸುತ್ತಲೂ ಒಂದೇ ಸಮನೆ ಸಣ್ಣ ನೆರಿಗೆಗಳಿದ್ದರೆ ನೆನೆದ ಫೆಲ್ಟ್ ಒಣಗುವಾಗ ಕುಗ್ಗಿದೆ, ರಿಬ್ಬನ್ ಈಗ ಅದಕ್ಕಿಂತ ಉದ್ದವಾಗಿದೆ ಎಂದರ್ಥ. ಅಗ್ಗದ ಉಣ್ಣೆ ಫೆಲ್ಟಿನಲ್ಲಿ ಇದು ಮೊಲದ ತುಪ್ಪಟದ ಫೆಲ್ಟಿಗಿಂತ ಹೆಚ್ಚು. ಮೇಲಂಚು ಮಾತ್ರ ಅಲೆಯಲೆಯಾಗಿ ಬಾಯಿ ಬಿಟ್ಟಿದ್ದರೆ ರಿಬ್ಬನ್ನನ್ನು ಬಾಗಿಸದೆ ನೇರವಾಗಿಯೇ ಸುತ್ತಿದ್ದಾರೆ. ಒಂದು ಕಡೆ ಮಾತ್ರ ಜೋತುಬಿದ್ದಿದ್ದರೆ ಹೊಲಿಗೆ ಬಿಟ್ಟಿದೆ, ಅದಕ್ಕೆ ಒಂದೆರಡು ಹೊಸ ಹೊಲಿಗೆ ಸಾಕು. ಇನ್ನು ಅಂಟು ಹಾಕಿ ಕೂರಿಸಿದ ರಿಬ್ಬನ್ನಾದರೆ ಅದನ್ನು ಉಳಿಸಿಕೊಳ್ಳುವ ಆಸೆ ಬಿಡುವುದೇ ಒಳ್ಳೆಯದು, ಏಕೆಂದರೆ ಬಿಸಿ ತಾಗಿದ ಅಂಟು ಬಟ್ಟೆಯೊಳಗೆ ಇಳಿದು ಕಲೆಯಾಗುತ್ತದೆ.

ಬಿಚ್ಚುವ ಕೆಲಸಕ್ಕೆ ಆತುರ ಬೇಡ. ಹ್ಯಾಟಿನ ಒಳಗಿರುವ ಚರ್ಮದ ಬೆವರುಪಟ್ಟಿಯನ್ನು ಹೊರಕ್ಕೆ ಮಡಚಿದರೆ ರಿಬ್ಬನ್ನನ್ನು ಹಿಡಿದಿರುವ ದಾರಗಳು ಕಾಣಿಸುತ್ತವೆ. ಅವು ಇಷ್ಟೇನಾ ಎನಿಸುವಷ್ಟು ಕಡಿಮೆ ಇರುತ್ತವೆ: ಬೋ ಎಂಬ ಅಲಂಕಾರದ ಗಂಟು ಇರುವಲ್ಲಿ ಕೆಲವು, ಸುತ್ತಲೂ ಅಲ್ಲಲ್ಲಿ ಒಂದೊಂದು. ಚೂಪಾದ ಸಣ್ಣ ಕತ್ತರಿಯಿಂದ ಒಳಗಿನಿಂದಲೇ ಅವನ್ನು ಕತ್ತರಿಸಬೇಕು. ಹೊರಗಿನಿಂದ ಬ್ಲೇಡು ಆಡಿಸಿದರೆ ಫೆಲ್ಟ್ ಗೀರುಬೀಳುತ್ತದೆ. ರಿಬ್ಬನ್ ಕಳಚಿದ ಮೇಲೆ ಅದರಡಿಯಿಂದ ಬೇರೆಯೇ ಬಣ್ಣದ ಒಂದು ಪಟ್ಟೆ ಹೊರಬರುತ್ತದೆ. ಬಿಸಿಲು, ಧೂಳು ತಾಗದೆ ಉಳಿದ ಆ ಭಾಗ ಹ್ಯಾಟಿನ ಮೂಲ ಬಣ್ಣ. ನನ್ನ ಹ್ಯಾಟಿನಲ್ಲಿ ಅದು ಮಳೆಮೋಡದಂಥ ಗಾಢ ಬೂದು. ಅದರ ಮೇಲಕ್ಕೂ ಕೆಳಕ್ಕೂ ಬಣ್ಣ ಸ್ಪಷ್ಟವಾಗಿ ಮಾಸಿತ್ತು. ಆದ್ದರಿಂದ ಹೊಸ ರಿಬ್ಬನ್ನಿನ ಅಗಲ ಹಳೆಯದರಷ್ಟಾದರೂ ಇರಲೇಬೇಕು. 40 ಮಿಲಿಮೀಟರ್ ಇದ್ದಲ್ಲಿ 35ರದ್ದು ತಂದರೆ ಗಾಢ ಬಣ್ಣದ ಗೆರೆಯೊಂದು ಇಣುಕುತ್ತಲೇ ಇರುತ್ತದೆ.

ಹ್ಯಾಟಿಗೆ ಹಾಕುವುದು ಗ್ರೋಗ್ರೇನ್ ಎಂಬ ರಿಬ್ಬನ್. ಇದರಲ್ಲಿ ಹಾಸಿನ ಎಳೆ ಸಣ್ಣದು, ಹೊಕ್ಕಿನ ಎಳೆ ದಪ್ಪನೆಯದು. ಹಾಗಾಗಿ ಅಡ್ಡಡ್ಡಲಾಗಿ ಒತ್ತೊತ್ತಾದ ಗೀರುಗಳು ಎದ್ದು ಕಾಣುತ್ತವೆ. ಚಿಕ್ಕಪೇಟೆಯ ಲೇಸು, ಗುಂಡಿ ಮಾರುವ ಅಂಗಡಿಗಳಲ್ಲಿ ಗ್ರೋಗ್ರೇನ್ ಎಂದು ಕೇಳಿದರೆ ಸಾಮಾನ್ಯವಾಗಿ ಕೊಡುವುದು ಪಾಲಿಯೆಸ್ಟರಿನದು. ಉಡುಗೊರೆಯ ಪೊಟ್ಟಣ ಕಟ್ಟಲು ಅದು ಚೆಂದವೇ, ಹ್ಯಾಟಿಗೆ ಮಾತ್ರ ಒಗ್ಗದು, ಏಕೆಂದರೆ ಎಷ್ಟು ಹಬೆ ಕೊಟ್ಟರೂ ಅದು ಬಾಗುವುದಿಲ್ಲ. ನಮಗೆ ಬೇಕಿರುವುದು ಹತ್ತಿ ಮತ್ತು ರೇಯಾನ್ ಬೆರೆತದ್ದು. ಅಂಚು ನೇರವಾಗಿರದೆ ಸಣ್ಣ ಹಲ್ಲುಗಳಂತಿರುವ ಪೀಟರ್‌ಶ್ಯಾಮ್ ಸಿಕ್ಕರೆ ಇನ್ನೂ ಸುಲಭ. ಅನುಮಾನವಿದ್ದರೆ ತುದಿಯ ಎಳೆಯೊಂದನ್ನು ಕಿತ್ತು ಬೆಂಕಿ ತಾಗಿಸಿ ನೋಡಬಹುದು: ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ, ಹತ್ತಿಯೂ ರೇಯಾನೂ ಕಾಗದದ ವಾಸನೆ ಬಿಟ್ಟು ಬೂದಿಯಾಗುತ್ತವೆ. 58 ಸೆಂಟಿಮೀಟರ್ ಅಳತೆಯ ಹ್ಯಾಟಿಗೆ ಬೋ ಸೇರಿ ಒಂದು ಮೀಟರ್ ಧಾರಾಳವಾಗಿ ಸಾಕು.

ಇಡೀ ಕೆಲಸದ ಜೀವಾಳ ರಿಬ್ಬನ್ನನ್ನು ಬಾಗಿಸುವುದರಲ್ಲಿದೆ. ಹ್ಯಾಟಿನ ತಲೆಭಾಗ ಮೇಲೆ ಹೋದಂತೆ ಕಿರಿದಾಗುತ್ತದೆ; ರಿಬ್ಬನ್ನಿನ ಕೆಳಅಂಚು ಸುತ್ತಿಬರಬೇಕಾದ ದೂರ ಮೇಲಂಚಿನದಕ್ಕಿಂತ ಹೆಚ್ಚು. ನೇರವಾದ ಪಟ್ಟಿಯನ್ನು ಹಾಗೆಯೇ ಸುತ್ತಿದರೆ ಮೇಲಂಚಿನಲ್ಲಿ ಉಳಿಯುವ ಹೆಚ್ಚುವರಿ ಉದ್ದವೇ ಮುಂದೆ ಸುಕ್ಕಾಗುತ್ತದೆ. ಆದಕಾರಣ ಕತ್ತರಿಸುವ ಮುನ್ನವೇ ರಿಬ್ಬನ್ನನ್ನು ನೀರಿನಲ್ಲಿ ನೆನೆಸಿ, ಕುಗ್ಗುವಷ್ಟು ಕುಗ್ಗಲು ಬಿಟ್ಟು, ಇನ್ನೂ ಹಸಿಯಿರುವಾಗಲೇ ಇಸ್ತ್ರಿ ಮಣೆಯ ಮೇಲೆ ಕಮಾನಿನಂತೆ ಹರಡಬೇಕು. ಎಡಗೈಯಲ್ಲಿ ತುದಿಯನ್ನು ನಿಧಾನವಾಗಿ ಕಮಾನಿನ ಒಳಮುಖಕ್ಕೆ ತಿರುಗಿಸುತ್ತ, ಬಲಗೈಯಲ್ಲಿ ಇಸ್ತ್ರಿ ಪೆಟ್ಟಿಗೆಯನ್ನು ಹಿಂದೆಯೇ ಸಾಗಿಸಬೇಕು. ಹೊರಅಂಚಿನಲ್ಲಿ ಗೀರುಗಳು ಬೀಸಣಿಗೆಯ ಕಡ್ಡಿಗಳಂತೆ ಬಿಡಿಸಿಕೊಳ್ಳುತ್ತ, ಒಳಅಂಚಿನಲ್ಲಿ ಒತ್ತಾಗುತ್ತ ಬರುವುದು ಕಣ್ಣಿಗೇ ಕಾಣುತ್ತದೆ. ಒಂದೇ ಸಲಕ್ಕೆ ಹೆಚ್ಚು ಬಾಗಿಸಲು ಹೋದರೆ ಒಳಅಂಚು ಮಡಿಕೆ ಬೀಳುತ್ತದೆ. ಹಾಗಾದಾಗ ಮತ್ತೆ ನೀರು ಚಿಮುಕಿಸಿ ಒತ್ತಿದರೆ ಬಿಟ್ಟುಕೊಳ್ಳುತ್ತದೆ. ಕಪ್ಪು, ಕಡುನೀಲಿ ರಿಬ್ಬನ್ನಾದರೆ ಮೇಲೊಂದು ತೆಳು ಹತ್ತಿಬಟ್ಟೆ ಹಾಸಿಕೊಳ್ಳದಿದ್ದರೆ ಗೀರುಗಳ ನೆತ್ತಿ ಮಿರುಗತೊಡಗುತ್ತದೆ.

ಬಾಗಿದ ಪಟ್ಟಿ ಒಣಗಿದ ಮೇಲೆ ಅದನ್ನು ಹ್ಯಾಟಿಗೆ ಸುತ್ತಿ, ಬೋ ಬರುವ ಜಾಗದಲ್ಲಿ, ಗಂಡಸರ ಹ್ಯಾಟಿನಲ್ಲಿ ವಾಡಿಕೆಯಂತೆ ಎಡಗಡೆ, ಗುಂಡುಸೂಜಿ ಚುಚ್ಚಿ ನೋಡಬೇಕು. ಕೆಳಕ್ಕೆ ಜಾರಿಸಿದಾಗ ತುಸು ತಡೆದು ಕೂರುವಷ್ಟು ಬಿಗಿ ಸಾಕು. ಅದಕ್ಕಿಂತ ಬಿಗಿದರೆ ಫೆಲ್ಟಿಗೆ ಸೊಂಟ ಮೂಡುತ್ತದೆ. ತುದಿಗಳನ್ನು ಒಂದರ ಮೇಲೊಂದು ಇಟ್ಟು ಹೊಲಿದು, ಸುತ್ತಲೂ ಐದಾರು ಕಡೆ ಮೇಲಂಚನ್ನು ಹಿಡಿಯಬೇಕು. ಹೊರಗೆ ಕಾಣುವ ಹೊಲಿಗೆ ಒಂದು ಗೀರಿನಷ್ಟೂ ಇರಬಾರದು. ಸೂಜಿ ಎರಡು ಗೀರುಗಳ ನಡುವಿನಿಂದ ಮೇಲೆ ಬಂದು ಪಕ್ಕದ ಸಂದಿಯಲ್ಲೇ ಇಳಿದರೆ ದಾರ ಹುಡುಕಿದರೂ ಸಿಗುವುದಿಲ್ಲ. ಒಳಗಡೆ ಉದ್ದ ಹೊಲಿಗೆಯಾದರೂ ಚಿಂತೆಯಿಲ್ಲ, ಬೆವರುಪಟ್ಟಿ ಅದನ್ನು ಮುಚ್ಚುತ್ತದೆ. ಬೆವರುಪಟ್ಟಿಯನ್ನು ಮಾತ್ರ ಸೇರಿಸಿ ಹೊಲಿಯಕೂಡದು. ಚರ್ಮಕ್ಕೆ ಬಿದ್ದ ತೂತು ಮುಚ್ಚುವುದಿಲ್ಲ, ಮುಂದೆ ಅಲ್ಲಿಂದಲೇ ಹರಿಯುತ್ತದೆ. ಎಕ್ವಡಾರಿನ ಪನಾಮಾ ಹ್ಯಾಟಿನಂಥ ಹುಲ್ಲಿನ ನೇಯ್ಗೆಯಾದರೆ ಸೂಜಿ ಎಳೆಗಳ ನಡುವೆ ನುಸುಳಬೇಕೇ ಹೊರತು ಎಳೆಯನ್ನು ಸೀಳಬಾರದು.

ಬೋ ಅಷ್ಟೇನೂ ಕಷ್ಟದ್ದಲ್ಲ. ಉಳಿದ ತುಂಡನ್ನು ಚಪ್ಪಟೆಯಾಗಿ ಮಡಚಿ ನಡುವೆ ಕಿರಿದಾದ ಪಟ್ಟಿ ಸುತ್ತಿ ಹಿಂದೆ ಹೊಲಿದರೆ ಆಯಿತು. ಹಳೆಯ ಬೋವನ್ನು ಬಿಚ್ಚುವಾಗಲೇ ಅದರ ಮಡಿಕೆಗಳನ್ನು ಗಮನಿಸಿಟ್ಟುಕೊಂಡಿದ್ದರೆ ಬೇರೆ ಗುರು ಬೇಕಿಲ್ಲ.

ಹ್ಯಾಟಿನ ಸುತ್ತ ನೆರಿಗೆಯೇ ಇರಬಾರದೆಂಬ ಶಾಸ್ತ್ರವೇನೂ ಇಲ್ಲ ಎಂಬುದನ್ನೂ ಹೇಳಬೇಕು. ವಸಾಹತು ಕಾಲದಲ್ಲಿ ಇಲ್ಲಿನ ಬಿಸಿಲಿಗೆ ಹೆದರಿದ ಸಾಹೇಬರು ಬೆಂಡಿನ ಸೋಲಾ ಟೋಪಿಗೆ ಪಗಡಿಯ ಮಾದರಿಯಲ್ಲಿ ಬಟ್ಟೆ ಸುತ್ತುತ್ತಿದ್ದರು. ಆಸ್ಟ್ರೇಲಿಯಾದ ಸೇನೆಯ ಹ್ಯಾಟಿನಲ್ಲಿ ಅದರ ಸಂತತಿ ಇಂದಿಗೂ ಇದೆ, ಏಳು ಮಡಿಕೆಗಳೊಂದಿಗೆ. ಮಡಿಕೆಯುಳ್ಳ ಆ ಪಟ್ಟಿ ನನಗೂ ಇಷ್ಟವೇ, ಆದರೆ ಬೂದು ಫೆಡೋರಾದ ಮೇಲೆ ಅಲ್ಲ.

ಹೊಲಿಗೆ ಮುಗಿದ ಮೇಲೆ ಕೆಟಲಿನ ಹಬೆಗೆ ರಿಬ್ಬನ್ನನ್ನು ಒಂದು ಅಡಿ ದೂರದಿಂದ ಒಮ್ಮೆ ಸುತ್ತು ತೋರಿಸಿ ಬೆರಳಿನಿಂದ ಒತ್ತಿದರೆ ಉಳಿದ ಸಣ್ಣಪುಟ್ಟ ಏರಿಳಿತಗಳು ಕೂರುತ್ತವೆ. ಹಬೆ ಬೆವರುಪಟ್ಟಿಗೆ ತಾಗದಂತೆ ನೋಡಿಕೊಳ್ಳಬೇಕು, ಬಿಸಿಗೆ ಚರ್ಮ ಕುಗ್ಗುತ್ತದೆ. ಆ ರಾತ್ರಿ ಹ್ಯಾಟನ್ನು ಗೂಟಕ್ಕೆ ತೂಗುಹಾಕದೆ, ಬೆವರುಪಟ್ಟಿಯನ್ನು ಹೊರಕ್ಕೆ ಮಡಚಿ, ಅದರ ಮೇಲೆಯೇ ನಿಲ್ಲುವಂತೆ ಗಾಳಿಯಾಡುವಲ್ಲಿ ಇಟ್ಟರೆ ಸುತ್ತಂಚು ಚಪ್ಪಟೆಯಾಗದೆ ಎಲ್ಲವೂ ಪೂರ್ತಿ ಒಣಗುತ್ತದೆ.